ಒಗೆಯದೆ ಇಟ್ಟ ಬಟ್ಟೆ

ಫೆಬ್ರವರಿ 9

ಅಮ್ಮ,

ಫೋನಿನಲ್ಲಿ ಹೇಳಿದರೆ ನಿನ್ನ ಕಿವಿಗೆ ಅರ್ಧ ಬೀಳುತ್ತದೆ, ಉಳಿದರ್ಧವನ್ನು ನೀನೇ ಹೊಲಿದುಕೊಳ್ಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಕೂತು ಓದು. ಕೆಳಗಿನ ಲಾಂಡ್ರಿ ಯಜಮಾನರಿಗೆ ಮಾತ್ರ ಓದಿ ಹೇಳಬೇಡ, ಮರುದಿನವೇ ಬೀದಿಗೆಲ್ಲ ಗೊತ್ತಾಗುತ್ತದೆ.

ಇಪ್ಪತ್ತಾರು ವರ್ಷದಿಂದ ನೀನು ಕನ್ನಡಕ ಹಾಕಿದವರ ಹತ್ತಿರ "ನನ್ನ ಮಗಳು ಕಣ್ಣಿನ ಡಾಕ್ಟರು" ಅಂತಲೂ, ಕಾಲು ಊದಿಕೊಂಡವರ ಹತ್ತಿರ "ಕಿಡ್ನಿ ಡಾಕ್ಟರು" ಅಂತಲೂ ಹೇಳಿಕೊಂಡು ಬಂದಿದ್ದೀಯ. ನಾನು ಎರಡೂ ಅಲ್ಲ. ಮನೆತನಗಳಲ್ಲಿ ಹರಿದು ಬರುವ ಕಾಯಿಲೆಗಳ ಮೂಲ ಹುಡುಕುವವಳು. ಅದರಲ್ಲೂ ಕಣ್ಣನ್ನೂ ಕಿಡ್ನಿಯನ್ನೂ ಒಟ್ಟಿಗೆ ಹಿಡಿಯುವ ಕಾಯಿಲೆಗಳು ನನ್ನ ಪಾಲಿಗೆ ಬಂದಿವೆ. "ಎಲ್ಲಿಯ ಕಣ್ಣು, ಎಲ್ಲಿಯ ಕಿಡ್ನಿ" ಎಂದು ನೀನು ನಕ್ಕಿದ್ದೆ. ನಂಟು ಇದೆ ಅಮ್ಮ. ನಮ್ಮ ಮೈಯ ಬಹುಪಾಲು ಜೀವಕೋಶಗಳಿಗೆ ಒಂದೊಂದು ಕೂದಲಿರುತ್ತದೆ. ತಲೆಗೂದಲೊಂದನ್ನು ಉದ್ದಕ್ಕೆ ಇನ್ನೂರು ಸೀಳು ಮಾಡಿದರೆ ಸಿಗುವಷ್ಟು ಸಣ್ಣದು. ಕಿಡ್ನಿಯ ಕೊಳವೆಗಳಲ್ಲಿ ಅದು ಹರಿವಿಗೆ ಬಾಗುತ್ತ, ಏನು ಹರಿಯುತ್ತಿದೆ ಎಂದು ತಿಳಿದುಕೊಳ್ಳುತ್ತದೆ. ಕಣ್ಣಿನ ಹಿಂದಿನ ಪರದೆಯಲ್ಲಿ ಅದೇ ಕೂದಲು ಬೆಳಕು ಹಿಡಿಯುವ ಭಾಗಕ್ಕೆ ಸಾಮಾನು ಸಾಗಿಸುವ ಸೇತುವೆ. ಮೊದಲ ಸಲ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದೆ. ಈಗಲೂ ಅಷ್ಟೇ.

ಈಗ ನಡೆದದ್ದು ಕೇಳು. ನಮ್ಮ ವಾರ್ಡಿನಲ್ಲಿ ಒಬ್ಬ ಬೇಕರಿಯವನ ಮಗಳಿದ್ದಾಳೆ, ಹತ್ತು ವರ್ಷ. ಎಲ್ಲರೂ ಅವಳನ್ನು ಬನ್ನು ಎನ್ನುತ್ತಾರೆ. ಸಂಜೆಯಾದರೆ ಅವಳಿಗೆ ಕಣ್ಣು ಕಾಣುವುದಿಲ್ಲ, ಕಿಡ್ನಿಗಳು ಸೋಲುತ್ತಿವೆ. ಅವಳ ಅಮ್ಮ ತನ್ನದೊಂದು ಕಿಡ್ನಿ ಕೊಡಲು ತಯಾರಾಗಿ ಕೂತಿದ್ದಾಳೆ. ಆದರೆ ಇದು ಯಾವ ಕಾಯಿಲೆ, ಅಮ್ಮನ ಮೈಯಲ್ಲೂ ಅಡಗಿದೆಯೇ ಎಂದು ತಿಳಿಯದೆ ಡಾಕ್ಟರುಗಳು ಒಪ್ಪುತ್ತಿಲ್ಲ. ಐದು ವರ್ಷದಿಂದ ಹುಡುಕಿದ್ದೇನೆ, ಸಿಕ್ಕಿರಲಿಲ್ಲ.

ಯಾಕೆ ಸಿಕ್ಕಿರಲಿಲ್ಲ ಎಂದು ಹೋದ ವಾರ ಗೊತ್ತಾಯಿತು. ನಾನು ಕೆಲಸಕ್ಕೆ ಸೇರಿದ ವರ್ಷ ನಮ್ಮ ಲ್ಯಾಬಿನಲ್ಲಿ ಐವತ್ತು ಜನ ಆರೋಗ್ಯವಂತರ ರಕ್ತ ಕೂಡಿಸಿದ್ದರು. ರೋಗಿಯ ರಕ್ತದಲ್ಲಿ ಕಂಡ ಬದಲಾವಣೆ ಆ ಐವತ್ತರಲ್ಲಿ ಒಬ್ಬರಿಗಾದರೂ ಇದ್ದರೆ, ಅದು ನಿರುಪದ್ರವಿ ಎಂದು ಹೊಡೆದುಹಾಕುವುದು. ಆ ಪಟ್ಟಿ ಪುಸ್ತಕದಿಂದ ಕಂಪ್ಯೂಟರಿಗೆ ಹೋಯಿತು, ಹಳೆಯ ಪಾತ್ರೆಯಂತೆ ಯಾರೂ ಕೇಳದೆ ಅಲ್ಲೇ ಉಳಿಯಿತು. ಮೊನ್ನೆ ನಮ್ಮ ಕಂಪ್ಯೂಟರಿನವರು "ಮೇಡಂ, ಈ ಐವತ್ತು ಜನರನ್ನ ಒಂದು ಸಲ ಆಚೆ ಇಟ್ಟು ನೋಡೋಣ್ವಾ? ಸುಮ್ನೆ ಹಠಕ್ಕೆ" ಅಂದರು. ಆಚೆ ಇಟ್ಟೆವು. ಬನ್ನುವಿನ ಕಾಯಿಲೆಯ ಮೂಲ ಎದುರಿಗೇ ಕೂತಿತ್ತು. ಐವತ್ತರಲ್ಲಿ ಒಬ್ಬರಲ್ಲಿ ಆ ಬದಲಾವಣೆ ಇದ್ದದ್ದರಿಂದ ಅದು ಹೊಡೆದುಹೋಗಿತ್ತು. ಕೊನೆಯ ಸೀಸೆ, ಐವತ್ತನೆಯದು. ಅದಕ್ಕೆ ಹೆಸರಿಲ್ಲ, ಸಂಖ್ಯೆ ಮಾತ್ರ. ಅದು ಯಾರದೆಂದು ನನಗೊಬ್ಬಳಿಗೇ ಗೊತ್ತು. ಅಂದು ನಲವತ್ತೊಂಬತ್ತಕ್ಕೆ ನಿಂತಿತ್ತು, ಮನೆಗೆ ಹೋಗುವ ಅವಸರ, ನಾನೇ ತೋಳು ಚಾಚಿದ್ದೆ.

ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ, ತಪ್ಪು ನನ್ನದು ಎಂದು. ಐದು ವರ್ಷ ಆ ಮಗುವಿಗೂ ಉತ್ತರಕ್ಕೂ ನಡುವೆ ನಾನೇ ಅಡ್ಡ ನಿಂತಿದ್ದೆ.

ಪ್ರತಿಯೊಂದು ವಂಶವಾಹಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಬನ್ನುವಿನಲ್ಲಿ ಎರಡೂ ಕೆಟ್ಟಿವೆ. ನನ್ನಲ್ಲಿ ಒಂದೇ ಕೆಟ್ಟಿದೆ, ಹಾಗಾಗಿ ನನಗೇನೂ ಆಗಿಲ್ಲ. ಆದರೆ ಅದು ನಿನ್ನಿಂದಲೋ ತೀರಿಹೋದ ಅಪ್ಪನಿಂದಲೋ ಬಂದಿರಬೇಕು. ಇದರ ಜೊತೆ ಒಂದು ದಪ್ಪ ಕಾಗದದ ಕಾರ್ಡು ಇಟ್ಟಿದ್ದೇನೆ. ಬೆರಳು ಚುಚ್ಚಿ ನಾಲ್ಕು ಹನಿ ರಕ್ತ ಅದರ ಮೇಲೆ ಬಿಟ್ಟು, ಒಣಗಿಸಿ, ಲಕೋಟೆಯಲ್ಲಿ ಕಳಿಸು. ಒಣಗಿದ ರಕ್ತ ಎಷ್ಟು ವರ್ಷವಾದರೂ ಮಾತಾಡುತ್ತದೆ.

ಇನ್ನೊಂದು. ನಮ್ಮ ಮನೆತನದಲ್ಲಿ ಯಾರಿಗಾದರೂ ಕಣ್ಣು ಮಂಜಾಗಿತ್ತೇ? ಕಿಡ್ನಿ ಹೋಗಿತ್ತೇ? ನಾನು ಹುಟ್ಟುವ ಮೊದಲು ಹೋದ ಅಕ್ಕ ನಿಜವಾಗಿ ಏನಾಗಿ ಹೋದಳು?

ನಿನ್ನ
ಚಿಕ್ಕವಳು


ಫೆಬ್ರವರಿ 21

ಚಿಕ್ಕವಳೇ,

ಕಾರ್ಡು ಕಳಿಸಿದ್ದೇನೆ. ಸೂಜಿ ಚುಚ್ಚಿಕೊಳ್ಳುವುದನ್ನು ನನಗೆ ಹೇಳಿಕೊಡುತ್ತೀಯಲ್ಲ. ಲಾಂಡ್ರಿಗೆ ಬರುವ ಹರಿದ ಬಟ್ಟೆಗೆ ಎಳೆ ಎಳೆ ಸೇರಿಸಿ ಗುರುತೇ ಸಿಗದ ಹಾಗೆ ರಫೂ ಮಾಡುತ್ತ ಅರವತ್ತು ವರ್ಷ ಕಳೆದಿದ್ದೇನೆ. ಬಲಗೈ ಬೆರಳುಗಳ ಚರ್ಮ ಚಪ್ಪಲಿಯ ಅಟ್ಟೆಯಾಗಿದೆ, ಎರಡು ಸಲ ಚುಚ್ಚಿದರೂ ರಕ್ತ ಬರಲಿಲ್ಲ. ಕೊನೆಗೆ ಎಡಗೈಯ ಕಿರುಬೆರಳು ಒಪ್ಪಿತು. ಲಾಂಡ್ರಿ ಯಜಮಾನ ಓಡಿ ಬಂದು "ಅಮ್ಮಾ, ಏನ್ ಮಾಡ್ತಿದೀರಿ, ಕಲೆ ಆಗತ್ತೆ" ಅಂದ. ಕಲೆಯಾಗಲಿ ಅಂತಲೇ ಮಾಡುತ್ತಿದ್ದೇನೆ ಎಂದೆ. ನನಗೆ ಅರಳುಮರಳು ಎಂದುಕೊಂಡಿರಬೇಕು.

ನಿನ್ನ ಕೂದಲಿನ ವಿಷಯ ಎರಡು ಸಲ ಓದಿದೆ. ನೀವು ಓದಿದವರಿಗೆ ಅದು ಆಶ್ಚರ್ಯ. ಕೋಟಿನ ತೋಳಿನಲ್ಲಿ ಒಂದೆಳೆ ಜಗ್ಗಿದರೆ ಕಾಲರಿನ ಹತ್ತಿರ ಸುಕ್ಕು ಬೀಳುವುದನ್ನು ನಾನು ದಿನಾ ನೋಡುತ್ತೇನೆ. ಎಲ್ಲಿಯ ತೋಳು, ಎಲ್ಲಿಯ ಕಾಲರು.

ತಪ್ಪು ಒಪ್ಪಿಕೊಂಡದ್ದು ಒಳ್ಳೆಯದಾಯಿತು. ನಿನಗೆ ಚಿಕ್ಕಂದಿನಿಂದಲೂ ಕೆಲಸ ಬೇಗ ಮುಗಿಸಿ ಏಳುವ ಚಟ, ಅದು ನಿಮ್ಮಪ್ಪನಿಂದ ಬಂದದ್ದು. ಅದಕ್ಕೆ ರಕ್ತ ಪರೀಕ್ಷೆ ಬೇಕಿಲ್ಲ.

ನಮ್ಮ ಕಡೆ ಎಲ್ಲರ ಕಣ್ಣೂ ಚೆನ್ನಾಗಿಯೇ ಇತ್ತು. ದೊಡ್ಡವಳು ಜ್ವರದಲ್ಲಿ ಹೋದಳು, ಅದನ್ನು ನಿನಗೆ ಮೊದಲೇ ಹೇಳಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ


ಮಾರ್ಚ್ 18

ಅಮ್ಮ,

ನಿನ್ನಲ್ಲೂ ಅದು ಇದೆ, ಒಂದು ಪ್ರತಿ. ನನಗೆ ಬಂದದ್ದು ನಿನ್ನಿಂದಲೇ.

ಹೆದರಬೇಡ. ಬದಲಿಗೆ ನಿನಗೊಂದು ಸನ್ಮಾನ ಮಾಡಬೇಕು. ಒಂದು ಪ್ರತಿ ಕೆಟ್ಟವರು ಮುದುಕರಾದ ಮೇಲೆ ಏನಾಗುತ್ತಾರೆ ಎಂದು ನಮಗೆ ಗೊತ್ತಿರಲಿಲ್ಲ, ಬನ್ನುವಿನ ಅಮ್ಮನ ವಿಷಯದಲ್ಲಿ ಡಾಕ್ಟರುಗಳ ಅನುಮಾನವೂ ಅದೇ. ಈಗ ಎಪ್ಪತ್ತೊಂಬತ್ತು ವರ್ಷದ ಒಬ್ಬ ಹೆಂಗಸು ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ರಫೂ ಮಾಡುತ್ತಾಳೆ, ಕಾರ್ಡಿನ ರಕ್ತದಲ್ಲೇ ಅಳೆದು ನೋಡಿದರೆ ಅವಳ ಕಿಡ್ನಿಗೂ ಏನೂ ಆಗಿಲ್ಲ ಎಂದು ನಾನು ಬರೆದು ಕೊಟ್ಟಿದ್ದೇನೆ. ಇನ್ನೂ ಕೆಲವು ಪರೀಕ್ಷೆಗಳಿವೆ, ಆದರೂ ಬಾಗಿಲು ಸ್ವಲ್ಪ ತೆರೆದಿದೆ.

ಇನ್ನೊಂದು ಅದ್ಭುತ. ಆ ಬದಲಾವಣೆಯ ಅಕ್ಕಪಕ್ಕದ ತುಂಡು ಕೂಡ ನಮಗೂ ಬೇಕರಿಯವನ ಮನೆಯವರಿಗೂ ಒಂದೇ. ಎಷ್ಟೋ ತಲೆಮಾರುಗಳ ಹಿಂದೆ ಒಬ್ಬ ಅಜ್ಜನೋ ಅಜ್ಜಿಯೋ ಇದ್ದಿರಬೇಕು, ಅವರಿಂದ ಇದು ಮನೆ ಮನೆ ಹಾದು ಬಂದು, ಒಂದು ಕಡೆ ಬೇಕರಿಯ ಒಲೆಯ ಮುಂದೆ, ಇನ್ನೊಂದು ಕಡೆ ನಿನ್ನ ಕಿಟಕಿಯ ಪಕ್ಕ ಕೂತಿದೆ. ಅಷ್ಟು ದೂರದಿಂದ ನಡೆದು ಬಂದವರನ್ನು ನಾನು ಹದಿನೈದು ದಿನದಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದೇನೆ.

ನಿನ್ನೆ ಸಂಜೆ ಬನ್ನು ವಾರ್ಡಿನ ಕಾರಿಡಾರಿನಲ್ಲಿ ನಡೆಯುತ್ತಿದ್ದಳು. ಬಲಗೈಯನ್ನು ಗೋಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಬಾಗಿಲು ಎಣಿಸುತ್ತ. ಎಡಗೈಯಲ್ಲಿ ನೀರಿನ ಬಾಟಲಿ, ಅದನ್ನು ಬಿಟ್ಟು ಎಲ್ಲೂ ಹೋಗುವುದಿಲ್ಲ. ಅವಳ ಕಿಡ್ನಿಗಳಿಗೆ ನೀರು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ಕುಡಿದದ್ದೆಲ್ಲ ಹೊರಗೆ ಹೋಗುತ್ತದೆ, ಮತ್ತೆ ಬಾಯಾರುತ್ತದೆ. ಅವಳ ಅಮ್ಮ ನನ್ನ ಹತ್ತಿರ ಅತ್ತಳು. "ಹಾಸಿಗೆ ಒದ್ದೆ ಮಾಡ್ತಾಳೆ ಅಂತ ಹೊಡೀತಿದ್ದೆ ಮೇಡಂ. ಸೊಕ್ಕು ಅಂದ್ಕೊಂಡಿದ್ದೆ. ಕಾಯಿಲೆ ಅಂತ ನಂಗೇನು ಗೊತ್ತು" ಅಂದಳು.

ನಿನ್ನ
ಚಿಕ್ಕವಳು


ಏಪ್ರಿಲ್ 27

ಅಮ್ಮ,

ಐದು ವಾರಕ್ಕಿಂತ ಹೆಚ್ಚಾಯಿತು, ನಿನ್ನಿಂದ ಕಾಗದವಿಲ್ಲ. ಲಾಂಡ್ರಿಗೆ ಫೋನು ಮಾಡಿದೆ. ಯಜಮಾನರು "ಚೆನ್ನಾಗಿದಾರೆ, ಕೆಲಸ ಮಾಡ್ತಿದಾರೆ, ಆದ್ರೆ ಫೋನಿಗೆ ಬರಲ್ಲ ಅಂತಾರೆ. ಮಾತೂ ಕಮ್ಮಿ ಆಗಿದೆ" ಅಂದರು.

ಕೆಟ್ಟದ್ದು ನಿನ್ನಿಂದ ಬಂತು ಎಂದು ಬರೆದದ್ದಕ್ಕೆ ನೊಂದೆಯಾ? ಇಂಥ ಒಂದೆರಡು ಕೆಟ್ಟ ಪ್ರತಿಗಳಿಲ್ಲದ ಮನುಷ್ಯರೇ ಇಲ್ಲ. ಬಯ್ಯುವುದಿದ್ದರೆ ಬಯ್ದು ಬರೆ.

ಚಿಕ್ಕವಳು


ಮೇ 4

ಚಿಕ್ಕವಳೇ,

ದೊಡ್ಡವಳು ಜ್ವರದಲ್ಲಿ ಹೋಗಲಿಲ್ಲ.

ಆರು ವರ್ಷ ತುಂಬುವ ಹೊತ್ತಿಗೆ ಅವಳು ನೀರು ಕುಡಿಯಲು ಶುರು ಮಾಡಿದಳು. ನೀನು ಬರೆದೆಯಲ್ಲ, ಆ ಮಗುವಿನ ಹಾಗೆಯೇ. ರಾತ್ರಿ ನಾಲ್ಕು ಸಲ ಎದ್ದು "ಅಮ್ಮ, ನೀರು" ಅನ್ನುತ್ತಿದ್ದಳು. ಬೆಳಗ್ಗೆ ಹಾಸಿಗೆ ಒದ್ದೆ. ಹಗಲೆಲ್ಲ ಊರವರ ಬಟ್ಟೆ, ಅದಕ್ಕೂ ಮೊದಲು ನನ್ನ ಮನೆಯ ಹಾಸಿಗೆ. ಅಕ್ಕಪಕ್ಕದವರು "ಜಾಸ್ತಿ ಕುಡಿಸ್ತೀಯ, ಅದಕ್ಕೇ ಹಾಗೆ" ಅಂದರು. ನನಗೂ ಸರಿ ಅನ್ನಿಸಿತು. ರಾತ್ರಿ ಊಟವಾದ ಮೇಲೆ ಅಡುಗೆಮನೆಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗುತ್ತಿದ್ದೆ. ಬಾಗಿಲ ಹತ್ತಿರ ಕೂತು ಸ್ವಲ್ಪ ಹೊತ್ತು ಅಳುತ್ತಿದ್ದಳು, ಆಮೇಲೆ ಸುಮ್ಮನಾಗುತ್ತಿದ್ದಳು. ಒಂದು ದಿನ ಬೆಳಗ್ಗೆ ನೋಡುತ್ತೇನೆ, ಮೇಜಿನ ಮೇಲಿನ ಹೂದಾನಿಯಲ್ಲಿ ನೀರಿಲ್ಲ. ಹೂವುಗಳನ್ನು ಪಕ್ಕದಲ್ಲಿ ಸಾಲಾಗಿ ಜೋಡಿಸಿ ಇಟ್ಟಿದ್ದಳು. ಅದಕ್ಕೂ ಬಯ್ದೆ.

ಒಂಬತ್ತು ವರ್ಷಕ್ಕೆ ಕೆಲಸ ಕಲಿಸಲು ಕೂರಿಸಿದೆ. ಹಗಲು ಚೆನ್ನಾಗಿ ಮಾಡುತ್ತಿದ್ದಳು, ಕೈ ನನ್ನದಕ್ಕಿಂತ ಸೂಕ್ಷ್ಮ. ಸಂಜೆ ಕಿಟಕಿಯ ಹತ್ತಿರ ಕೂತರೆ ಎಡವಟ್ಟು. "ಕಾಣ್ತಿಲ್ಲಮ್ಮ" ಅಂದಳು. "ನಂಗೆ ಕಾಣತ್ತೆ, ನಿಂಗ್ಯಾಕೆ ಕಾಣಲ್ಲ? ಕೆಲಸಗಳ್ಳಿ" ಅಂದೆ. ಮತ್ತೆ ಸೂಜಿ ಹಿಡಿದಳು, ಬೆರಳಿಗೆ ಚುಚ್ಚಿಕೊಂಡಳು, ಬಿಳಿ ಬಟ್ಟೆಯ ಮೇಲೆ ರಕ್ತ ಬಿತ್ತು. ಬಟ್ಟೆ ಹಾಳು ಮಾಡಿದೆ ಎಂದು ಒಂದು ಏಟು ಹಾಕಿದೆ. ಕಲಿಯಲು ಕೊಟ್ಟ ಚಿಂದಿ ಬಟ್ಟೆ ಅದು, ಯಾರದೂ ಅಲ್ಲ.

ಹನ್ನೊಂದಕ್ಕೆ ಮುಖ ಊದಿಕೊಂಡು, ಬಿಳಿಚಿಕೊಂಡು, ಅನ್ನ ಬೇಡವೆನ್ನುತ್ತ ಮಲಗಿದಳು. ಆಸ್ಪತ್ರೆಯಲ್ಲಿ ಡಾಕ್ಟರು "ಎರಡೂ ಕಿಡ್ನಿ ಹೋಗಿದೆ, ಮೊದಲೇ ಯಾಕೆ ತರಲಿಲ್ಲ" ಅಂದರು. ನಾನು ಸೊಂಟದಲ್ಲಿದ್ದ ಕೀಲಿ ಮುಟ್ಟಿಕೊಂಡೆ. ನೀರು ಕೊಡದೆ ನಾನೇ ಒಣಗಿಸಿದೆ ಎಂದು ಅಂದೇ ತಿಳಿದೆ. ಐವತ್ತಮೂರು ವರ್ಷ ಅದನ್ನೇ ನಂಬಿಕೊಂಡು ಬದುಕಿದ್ದೇನೆ. ಬೀಗದ ವಿಷಯ ನಿಮ್ಮಪ್ಪ ಯಾವತ್ತೂ ಎತ್ತಲಿಲ್ಲ, ಎತ್ತಿದ್ದರೆ ಒಳ್ಳೆಯದಿತ್ತು.

ನಿನಗೆ ಲೋಟ ಲೋಟ ನೀರು ಕುಡಿಸುತ್ತಿದ್ದದ್ದು ನೆನಪಿದೆಯೇ? "ಹೊಟ್ಟೆ ಒಡೆದು ಹೋಗತ್ತೆ ಸಾಕಮ್ಮ" ಎಂದು ಅಳುತ್ತಿದ್ದೆ.

ಊರಿನ ಎಲ್ಲರ ಕಲೆಯನ್ನೂ ತೆಗೆದುಕೊಡುವ ಮನೆ ನಮ್ಮದು. ಆ ಒಂದು ಚಿಂದಿಯನ್ನು ಮಾತ್ರ ನಾನು ಒಗೆಯಲಿಲ್ಲ. ಸೂಜಿ ಡಬ್ಬಿಯ ತಳದಲ್ಲಿ ಇಟ್ಟಿದ್ದೆ. ಒಣಗಿದ ರಕ್ತ ಎಷ್ಟು ವರ್ಷವಾದರೂ ಮಾತಾಡುತ್ತದೆ ಎಂದು ನೀನೇ ಬರೆದಿದ್ದೀಯ. ಇದರ ಜೊತೆ ಕಳಿಸಿದ್ದೇನೆ. ನಾನು ಕೊಂದೆನೋ, ಕಾಯಿಲೆ ಕೊಂದಿತೋ, ನೋಡಿ ಹೇಳು. ನನಗೆ ಸಮಾಧಾನದ ಮಾತು ಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆ.

ಅಮ್ಮ


ಜೂನ್ 16

ಅಮ್ಮ,

ತಡವಾಯಿತು. ಒಂದೇ ಸಲ ನೋಡಿ ಬರೆಯುವ ಧೈರ್ಯ ಬರಲಿಲ್ಲ, ಮೂರು ಸಲ ಪರೀಕ್ಷೆ ಮಾಡಿದೆ. ಕಲೆಯನ್ನು ಮುಟ್ಟಿದ ಎಲ್ಲರ ರಕ್ತವನ್ನೂ, ಅಂದರೆ ನಿನ್ನದನ್ನೂ ನನ್ನದನ್ನೂ, ಪಕ್ಕದಲ್ಲಿಟ್ಟು ಹೋಲಿಸಿದೆ. ನಮ್ಮಿಬ್ಬರದಲ್ಲ. ನಿನ್ನ ಮಗಳದು, ನನ್ನ ಒಡಹುಟ್ಟಿದವಳದು.

ಎರಡೂ ಪ್ರತಿ ಕೆಟ್ಟಿದ್ದವು. ಒಂದು ನಿನ್ನಿಂದ, ಇನ್ನೊಂದು ಅಪ್ಪನಿಂದ. ಬನ್ನುವಿಗೆ ಇರುವ ಅದೇ ಕಾಯಿಲೆ. ನಿನ್ನ ಹೊಟ್ಟೆಯಲ್ಲಿದ್ದಾಗಲೇ ಅವಳಿಗೆ ಅದು ಬಂದಾಗಿತ್ತು.

ನೀನು ಕೊಡಪಾನಗಟ್ಟಲೆ ಕುಡಿಸಿದ್ದರೂ ಆ ಕಿಡ್ನಿಗಳು ಅದೇ ವಯಸ್ಸಿನ ಹೊತ್ತಿಗೆ ನಿಲ್ಲುತ್ತಿದ್ದವು. ಆ ಕಾಲದಲ್ಲಿ ಮೊದಲೇ ಕರೆದುಕೊಂಡು ಹೋಗಿದ್ದರೂ ಆ ಡಾಕ್ಟರು ಮಾಡಬಹುದಾದದ್ದು ಏನೂ ಇರಲಿಲ್ಲ. ನೀನು ಕೊಲ್ಲಲಿಲ್ಲ. ಇದು ಮಗಳು ಹೇಳುವ ಸಮಾಧಾನವಲ್ಲ, ಲ್ಯಾಬಿನ ಫಲಿತಾಂಶ, ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ.

ಇದ್ದದ್ದನ್ನು ಇದ್ದ ಹಾಗೆ ಬರೆ ಅಂದಿದ್ದೀಯ, ಅದಕ್ಕೆ ಇದನ್ನೂ ಬರೆಯಬೇಕು. ಅವಳ ಬಾಯಾರಿಕೆ ನಿಜ. ಬೀಗ ಹಾಕಿದ ರಾತ್ರಿಗಳಲ್ಲಿ ಅವಳಿಗೆ ತುಂಬ ಕಷ್ಟವಾಗಿರುತ್ತದೆ. ಕಾಣುತ್ತಿಲ್ಲ ಎಂದದ್ದೂ ನಿಜ. ಅದನ್ನು ಯಾವ ಯಂತ್ರವೂ ಅಳಿಸಿಕೊಡುವುದಿಲ್ಲ. ಬರೆಯುವಾಗ ನನಗೆ ಅಳು ಬಂತು, ಅದನ್ನೂ ಬರೆದಿದ್ದೇನೆ.

ಬಟ್ಟೆಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಕಲೆಯ ಅಂಚಿನಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಚುಕ್ಕೆಯೊಂದನ್ನು ಕತ್ತರಿಸಿಕೊಂಡೆ. ಕತ್ತರಿಸುವ ಮೊದಲು "ಅಕ್ಕ, ಸ್ವಲ್ಪ ತಗೋತೀನಿ" ಅಂದೆ. ಆ ಮಾತನ್ನು ಜೋರಾಗಿ ಅಂದದ್ದು ಜೀವಮಾನದಲ್ಲಿ ಅದೇ ಮೊದಲು, ಐವತ್ತೊಂದನೆಯ ವಯಸ್ಸಿನಲ್ಲಿ. ಅಷ್ಟು ಚುಕ್ಕೆಯಲ್ಲಿ ಅವಳ ಕಣ್ಣಿನ ಬಣ್ಣ, ಕೂದಲಿನ ಗುಂಗುರು, ಎಷ್ಟು ಎತ್ತರ ಬೆಳೆಯಬಹುದಿತ್ತು ಎಂಬುದರ ಅಂದಾಜು, ಎಲ್ಲವೂ ಇತ್ತು. ಐವತ್ತು ಚಿಲ್ಲರೆ ವರ್ಷ ಸೂಜಿಗಳ ಕೆಳಗೆ ಕಾದು ಕೂತಿತ್ತು. ಪರದೆಯ ಮೇಲೆ ಅದು ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ದೊಡ್ಡವರು ಕೋಣೆಗೆ ಬಂದರೆ ಏಳುತ್ತೇವಲ್ಲ, ಹಾಗೆ. ಕಂಪ್ಯೂಟರಿನವರು ಏನೂ ಕೇಳದೆ ತಾವೂ ಎದ್ದರು. ಇಷ್ಟು ವರ್ಷದಲ್ಲಿ ಸಾವಿರಾರು ಹನಿ ರಕ್ತ ನೋಡಿದ್ದೇನೆ, ಪ್ರತಿಯೊಂದೂ ಯಾರೋ ಒಬ್ಬರು ಎಂದು ಅಂದು ಗೊತ್ತಾಯಿತು.

ಬನ್ನುವಿನ ಅಮ್ಮನ ಕಿಡ್ನಿಗೆ ಡಾಕ್ಟರುಗಳು ಒಪ್ಪಿದ್ದಾರೆ. ಹದಿನೈದು ದಿನದೊಳಗೆ ಆಪರೇಷನ್. ಕಣ್ಣಿಗೆ ಸದ್ಯಕ್ಕೆ ಮದ್ದಿಲ್ಲ, ಅದು ನನಗೆ ಉಳಿದ ಕೆಲಸ.

ಬಟ್ಟೆಯನ್ನು ವಾಪಸು ಕಳಿಸಿದ್ದೇನೆ. ತೂತು ಮಾಡಿದ್ದಕ್ಕೆ ಕ್ಷಮಿಸು. ನಿನಗೆ ಅದನ್ನು ಮುಚ್ಚುವುದು ಎಷ್ಟರ ಕೆಲಸ.

ನಿನ್ನ
ಚಿಕ್ಕವಳು


ಜುಲೈ 2

ಚಿಕ್ಕವಳೇ,

ಕಾಗದ ಬಂದ ದಿನ ನಾನು ಕೆಲಸ ಮಾಡಲಿಲ್ಲ. ಲಾಂಡ್ರಿ ಯಜಮಾನ ಮೂರು ಸಲ ಮೇಲೆ ಬಂದು "ಹುಷಾರಿಲ್ವಾ ಅಮ್ಮ" ಎಂದು ಕೇಳಿ ಹೋದ. ಸಂಜೆ ಕರೆದು ಕೂರಿಸಿ ಎಲ್ಲವನ್ನೂ ಅವನಿಗೆ ಹೇಳಿದೆ, ಬೀಗದ್ದನ್ನೂ ಹೇಳಿದೆ. ಬೀದಿಗೆ ಗೊತ್ತಾಗಲಿ. ಅವನು ಯಾರಿಗೂ ಹೇಳಿಲ್ಲ, ಅದು ಅವನ ಜೀವನದಲ್ಲೇ ಮೊದಲು.

ಕೊಲ್ಲಲಿಲ್ಲ ಎಂದು ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಅದರ ಕೆಳಗಿನದನ್ನೂ ಅಷ್ಟೇ ಸಲ ಓದಿದೆ. ಅದನ್ನು ಬರೆಯದೆ ಇದ್ದಿದ್ದರೆ ಮೇಲಿನದನ್ನು ನಾನು ನಂಬುತ್ತಿರಲಿಲ್ಲ.

ಆಪರೇಷನ್ ಆಯಿತೇ? ಬನ್ನುವಿನ ಅಮ್ಮನಿಗೆ ನನ್ನ ಮಾತೊಂದು ಹೇಳು. ಹೊಡೆದದ್ದನ್ನು ಮಗಳ ಹತ್ತಿರ ಬಾಯಿಬಿಟ್ಟು ಹೇಳಲಿ, ಈಗಲೇ, ಮಗಳು ಎದುರಿಗೆ ಇರುವಾಗಲೇ. ರಾತ್ರಿ ಅವಳ ತಲೆದೆಸೆಯಲ್ಲಿ ನೀರು ಇರಲಿ, ದಿನಾ ಒಂದೇ ಜಾಗದಲ್ಲಿ, ಕೈ ಚಾಚಿದರೆ ಸಿಗುವ ಹಾಗೆ. ಒಂದು ದೀಪ ಉರಿಯುತ್ತಿರಲಿ. ಬೇಕರಿಯವನು ನೆಂಟನಾದ ಮೇಲೆ ಒಂದು ದಿನ ಹೋಗಿ ನೋಡಿಕೊಂಡು ಬರಬೇಕು. ನೆಂಟರಿಗೆ ಹಳಸಿದ ಬ್ರೆಡ್ಡು ಕೊಡುವುದಿಲ್ಲ ತಾನೇ?

ಗೋಡೆಯ ಮೇಲಿನ ಅವಳ ಫೋಟೋ ಇಳಿಸಿ ಒರೆಸಿದೆ. ಗುಂಗುರು ಕೂದಲು ಅಂತ ನೀನು ಬರೆದದ್ದು ಸರಿ. ಫೋಟೋಗೆ ಅಂತ ಎಣ್ಣೆ ಹಚ್ಚಿ ಒತ್ತಿ ಬಾಚಿದ್ದೆ, ಅದರಲ್ಲಿ ಕಾಣುವುದಿಲ್ಲ. ನಿನಗೆ ಯಾರೂ ಹೇಳಿರಲಿಲ್ಲ.

ಬಟ್ಟೆ ಬಂತು. ತೂತು ನೋಡಿದೆ. ಅಂಚು ಶುದ್ಧವಾಗಿ ಕತ್ತರಿಸಿದ್ದೀಯ, ಕೈ ಪರವಾಗಿಲ್ಲ. ಬಿಳಿ ದಾರ ಎಳೆದುಕೊಂಡು, ಸೂಜಿಗೆ ಪೋಣಿಸಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಕೂತೆ. ಐದು ನಿಮಿಷದ ಕೆಲಸ. ಎಂಥೆಂಥ ತೂತುಗಳನ್ನು ಇದ್ದವೋ ಇಲ್ಲವೋ ಅನ್ನುವ ಹಾಗೆ ಮುಚ್ಚಿದ್ದೇನೆ. ಇದನ್ನು ಮುಚ್ಚಲಿಲ್ಲ. ನೀನು ನಿಮ್ಮಕ್ಕನನ್ನು ನೋಡಿದ್ದು ಅಲ್ಲಿಂದಲೇ ಅಲ್ಲವೇ. ಸೂಜಿಯನ್ನು ಡಬ್ಬಿಗೆ ಹಾಕಿ, ಬಟ್ಟೆಯನ್ನು ಕಿಟಕಿಯ ಹತ್ತಿರ ಹರಡಿದ್ದೇನೆ, ಅವಳು ಕೂರುತ್ತಿದ್ದ ಜಾಗದಲ್ಲಿ.

ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟಿದ್ದೇನೆ. ನಗಬೇಡ.

ನಿಮ್ಮಿಬ್ಬರ ಅಮ್ಮ